ರನ್‌ವೇ ಕಾಣಿಸಿದ ಮೇಲೂ ವಿಮಾನ ಬಿದ್ದದ್ದು ಹೇಗೆ?

2026ರ ಜನವರಿ 28ರ ಬೆಳಗ್ಗೆ ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಅಜಿತ್ ಪವಾರ್ ಮುಂಬೈಯಿಂದ ತಮ್ಮೂರು ಬಾರಾಮತಿಗೆ ಹೊರಟಿದ್ದರು. ಜಿಲ್ಲಾ ಪರಿಷತ್ ಚುನಾವಣೆಯ ಪ್ರಚಾರ ಸಭೆಗಳಿದ್ದವು. ಅವರಿದ್ದ ಪುಟ್ಟ ಬಾಡಿಗೆ ಜೆಟ್, ಲಿಯರ್‌ಜೆಟ್ 45, ಬಾರಾಮತಿ ರನ್‌ವೇಯ ಅಂಚಿನಲ್ಲೇ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ಐದೂ ಜನ ತೀರಿಕೊಂಡರು.

ನಾಗರಿಕ ವಿಮಾನಯಾನ ಸಚಿವಾಲಯ ಅವತ್ತೇ ಒಂದು ಹೇಳಿಕೆ ಕೊಟ್ಟಿತು. ಅದನ್ನು ಓದಿದವರಿಗೆ ಗೊಂದಲ ಜಾಸ್ತಿಯೇ ಆಯಿತು. ಗಾಳಿ ಇರಲಿಲ್ಲ. ಸುಮಾರು 3,000 ಮೀಟರ್ ದೂರದವರೆಗೆ ಕಾಣುತ್ತಿತ್ತು. ಪೈಲಟ್‌ಗಳು ಒಮ್ಮೆ ಪ್ರಯತ್ನಿಸಿ, ರನ್‌ವೇ ಕಾಣದೆ ಮೇಲೆ ಹೋಗಿ, ಮತ್ತೆ ಬಂದಿದ್ದರು. ಎರಡನೇ ಸಲ ರನ್‌ವೇ ಕಾಣುತ್ತಿದೆ ಎಂದು ಅವರೇ ಹೇಳಿದ್ದರು. ಹಾಗಿದ್ದ ಮೇಲೆ ಬಿದ್ದದ್ದು ಯಾಕೆ? ಮೂರು ಕಿಲೋಮೀಟರ್ ಕಂಡರೆ ಸಾಲದಾ?

ಅಪಘಾತದ ಕಾರಣ ಹೇಳುವುದು ವಿಮಾನ ಅಪಘಾತ ತನಿಖಾ ಸಂಸ್ಥೆ ಎಎಐಬಿಯ ಕೆಲಸ. ಅದರ ಅಂತಿಮ ವರದಿಗೆ ಮೊದಲು ಇಂಥವರದ್ದೇ ತಪ್ಪು ಅನ್ನುವುದು ಸರಿಯಲ್ಲ. ಆದರೆ ಮೂರು ಕಿಲೋಮೀಟರ್ ಯಾಕೆ ಸಾಲುವುದಿಲ್ಲ ಅನ್ನುವುದಕ್ಕೆ ವರದಿ ಬೇಕಿಲ್ಲ, ಲೆಕ್ಕ ಸಾಕು. ಮಂಜು, ಮಳೆಯ ನಡುವೆ ಇಳಿಯಲು ಹೋಗಿ ಬೀಳುವ ಸಣ್ಣ ವಿಮಾನಗಳ ಕತೆ ಬಹುಮಟ್ಟಿಗೆ ಆ ಲೆಕ್ಕದಲ್ಲೇ ಇದೆ.

ಆ 26 ನಿಮಿಷ

ವಿಮಾನ ಬಾರಾಮತಿಯನ್ನು ರೇಡಿಯೊದಲ್ಲಿ ಮೊದಲು ಸಂಪರ್ಕಿಸಿದ್ದು 8:18ಕ್ಕೆ. ಸುಮಾರು 30 ನಾಟಿಕಲ್ ಮೈಲಿ (ಸುಮಾರು 55 ಕಿಲೋಮೀಟರ್) ದೂರದಲ್ಲಿದ್ದಾಗ ಪುಣೆಯ ನಿಯಂತ್ರಕರು ವಿಮಾನವನ್ನು ಬಾರಾಮತಿಗೆ ಬಿಟ್ಟುಕೊಟ್ಟರು. ಕಣ್ಣಿಗೆ ಕಾಣುವ ಹವಾಮಾನದಲ್ಲಿ, ಪೈಲಟ್‌ಗಳು ತಮ್ಮ ವಿವೇಚನೆಯಂತೆ ಇಳಿಯಬಹುದು ಎಂಬ ಸೂಚನೆ ಹೋಯಿತು. ಗಾಳಿ, ಗೋಚರತೆ ಹೇಗಿದೆ ಎಂದು ಪೈಲಟ್‌ಗಳು ಕೇಳಿದರು. ಗಾಳಿ ಇಲ್ಲ, ಗೋಚರತೆ ಸುಮಾರು 3,000 ಮೀಟರ್ ಎಂಬ ಉತ್ತರ ಬಂತು.

ರನ್‌ವೇ 11ರ ಕಡೆಗೆ ಮೊದಲ ಸಲ ಬಂದಾಗ ರನ್‌ವೇ ಕಾಣಲಿಲ್ಲ. ಗೋ-ಅರೌಂಡ್ ಮಾಡಿದರು, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದರು. ಎರಡನೇ ಸಲ ಬಂದಾಗಲೂ ಮೊದಲು ಕಾಣುತ್ತಿಲ್ಲ, ಕಂಡಾಗ ಹೇಳುತ್ತೇವೆ ಎಂದರು. ಕೆಲವೇ ಸೆಕೆಂಡುಗಳಲ್ಲಿ ಕಾಣುತ್ತಿದೆ ಎಂದರು. 8:43ಕ್ಕೆ ಇಳಿಯಲು ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆಯನ್ನು ಪೈಲಟ್ ಮರಳಿ ಹೇಳಿ ಖಚಿತಪಡಿಸಬೇಕು. ಅದು ಬರಲಿಲ್ಲ. 8:44ಕ್ಕೆ ರನ್‌ವೇ ಶುರುವಾಗುವ ಕಡೆ ಬೆಂಕಿ ಕಾಣಿಸಿತು. ಅವಶೇಷ ಸಿಕ್ಕಿದ್ದು ರನ್‌ವೇಯ ಎಡಬದಿಯಲ್ಲಿ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಬಾರಾಮತಿಯಲ್ಲಿ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇರುವಂಥ ವಾಯು ಸಂಚಾರ ನಿಯಂತ್ರಣ ಇರಲಿಲ್ಲ. ಅಲ್ಲಿ ರೇಡಿಯೊದಲ್ಲಿ ಮಾಹಿತಿ ಕೊಡುತ್ತಿದ್ದವರು ಅಲ್ಲಿನ ಪೈಲಟ್ ತರಬೇತಿ ಶಾಲೆಗಳ ಬೋಧಕರು, ಪೈಲಟ್‌ಗಳು. ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್ ಉಪಕರಣವೂ ಇರಲಿಲ್ಲ. ಇಳಿಯುವ ಪೂರ್ತಿ ಹೊಣೆ ಕಾಕ್‌ಪಿಟ್‌ನಲ್ಲಿದ್ದ ಇಬ್ಬರ ಕಣ್ಣಿನ ಮೇಲಿತ್ತು.

48 ಸೆಕೆಂಡಿನ ಲೆಕ್ಕ

ಇಂಥ ಜೆಟ್ ರನ್‌ವೇ ಕಡೆಗೆ ಇಳಿಯುವಾಗ ಅದರ ವೇಗ ಸುಮಾರು 120 ನಾಟ್, ಅಂದರೆ ಗಂಟೆಗೆ 220 ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 62 ಮೀಟರ್ ಹತ್ತಿರ. ಮೂರು ಕಿಲೋಮೀಟರ್ ದಾಟಲು 48 ಸೆಕೆಂಡ್ ಸಾಕು. ಚಾರ್ಮಾಡಿಯ ಮಂಜಿನಲ್ಲಿ ಕಾರು ಓಡಿಸುವವರು ವೇಗ ತಗ್ಗಿಸಬಹುದು, ಬದಿಗೆ ನಿಲ್ಲಿಸಿ ಕಾಯಬಹುದು. ವಿಮಾನದ ವೇಗ ಒಂದು ಮಿತಿಗಿಂತ ಕೆಳಗಿಳಿದರೆ ರೆಕ್ಕೆ ಭಾರ ಹೊರುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಆ 48 ಸೆಕೆಂಡನ್ನು 60 ಮಾಡಿಕೊಳ್ಳುವ ದಾರಿ ಪೈಲಟ್‌ಗಿಲ್ಲ.

ಎತ್ತರದ ಲೆಕ್ಕವನ್ನೂ ಸೇರಿಸಿ ನೋಡೋಣ. ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ, ರನ್‌ವೇಗೆ ಮೂರು ಕಿಲೋಮೀಟರ್ ಇರುವಾಗ ವಿಮಾನ ಸುಮಾರು 500 ಅಡಿ ಎತ್ತರದಲ್ಲಿರುತ್ತದೆ. ವಿಮಾನಯಾನದಲ್ಲಿ ಒಂದು ಒಪ್ಪಿತ ಪದ್ಧತಿ ಇದೆ. ಕಣ್ಣಿನಿಂದ ನೋಡಿ ಇಳಿಯುವಾಗ, 500 ಅಡಿಗೆ ಬರುವ ಹೊತ್ತಿಗೆ ವಿಮಾನ ಪೂರ್ತಿ ಹದಕ್ಕೆ ಬಂದಿರಬೇಕು. ಚಕ್ರ ಇಳಿದಿರಬೇಕು, ವೇಗ ಸರಿಯಿರಬೇಕು, ಮೂಗು ರನ್‌ವೇ ನೇರಕ್ಕಿರಬೇಕು, ದೊಡ್ಡ ತಿದ್ದುಪಡಿ ಯಾವುದೂ ಬಾಕಿ ಇರಬಾರದು. ಇಲ್ಲದಿದ್ದರೆ ಮರುಮಾತಿಲ್ಲದೆ ಗೋ-ಅರೌಂಡ್.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಗೋಚರತೆ ಮೂರೇ ಕಿಲೋಮೀಟರ್ ಆದರೆ ರನ್‌ವೇ ಮೊದಲ ಸಲ ಕಣ್ಣಿಗೆ ಬೀಳುವ ಜಾಗವೂ, ಎಲ್ಲ ಸಿದ್ಧವಾಗಿ ಮುಗಿದಿರಬೇಕಾದ ಜಾಗವೂ ಒಂದೇ ಆಗುತ್ತದೆ. ಕಂಡ ಮೇಲೆ ಸರಿಪಡಿಸಿಕೊಳ್ಳಲು ಸಮಯವೇ ಇಲ್ಲ. ವಿಮಾನ ಅದೃಷ್ಟವಶಾತ್ ನೇರಕ್ಕಿದ್ದರೆ ಇಳಿಯುತ್ತದೆ. ರನ್‌ವೇ ಪಕ್ಕದಲ್ಲೆಲ್ಲೋ ಕಾಣಿಸಿಕೊಂಡರೆ, ಅಷ್ಟು ಕೆಳಗೆ ಬಂದ ಮೇಲೆ ಅತ್ತ ತಿರುಗಬೇಕು.

ಹೀಗೆ ತಿರುಗುವಾಗಲೇ ಅಪಾಯ ಜಾಸ್ತಿ. ವಿಮಾನವನ್ನು ವಾಲಿಸಿ ತಿರುಗಿಸಿದಾಗ ಅದನ್ನು ಎತ್ತಿ ಹಿಡಿಯಲು ಬೇಕಾದ ಕನಿಷ್ಠ ವೇಗ ಏರುತ್ತದೆ. 45 ಡಿಗ್ರಿ ವಾಲಿಸಿದರೆ ಶೇಕಡಾ 19ರಷ್ಟು, 60 ಡಿಗ್ರಿಗೆ ಶೇಕಡಾ 41ರಷ್ಟು. ಇಳಿಯುವಾಗ ವೇಗ ಮೊದಲೇ ಕಡಿಮೆ ಇರುತ್ತದೆ. ತಿರುವು ಸಾಲಲಿಲ್ಲ ಎಂದು ಇನ್ನಷ್ಟು ವಾಲಿಸಿದರೆ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆ ಭಾರ ಹೊರುವುದನ್ನು ನಿಲ್ಲಿಸಿ, ಒಂದು ರೆಕ್ಕೆ ಕುಸಿದು ಬೀಳಬಹುದು. ಸಾವಿರಾರು ಅಡಿ ಎತ್ತರದಲ್ಲಾದರೆ ಚೇತರಿಸಿಕೊಳ್ಳಬಹುದು. ಕೆಲವು ನೂರು ಅಡಿಯಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಬಾರಾಮತಿಯಲ್ಲಿ ಆದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ತಡವಾಗಿ ಕಾಣುವ ರನ್‌ವೇ ಪೈಲಟ್‌ಗಳನ್ನು ಎಂಥ ಇಕ್ಕಟ್ಟಿಗೆ ತಳ್ಳುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ನೆಲದ ಮೇಲಿನ ಕಣ್ಣು, ಗಾಳಿಯಲ್ಲಿರುವ ಕಣ್ಣು

3,000 ಮೀಟರ್ ಅನ್ನುವುದು ನೆಲದ ಮೇಲೆ ನಿಂತವರಿಗೆ ಅಡ್ಡಡ್ಡಲಾಗಿ ಕಾಣುವ ದೂರ. ಪೈಲಟ್ ನೋಡುವುದು ಮೇಲಿನಿಂದ ಓರೆಯಾಗಿ. ಮಂಜಿನ ಪದರ ನಡುವೆ ಇದ್ದರೆ ಎರಡೂ ಬೇರೆ ಬೇರೆ. ಚಳಿಗಾಲದಲ್ಲಿ ಗಾಳಿಯಿಲ್ಲದ ರಾತ್ರಿ ನೆಲ ತಣ್ಣಗಾಗಿ ಅದರ ಮೇಲಿನ ತೇವದ ಗಾಳಿಯೂ ತಣ್ಣಗಾಗುತ್ತದೆ. ಹಾಗೆ ಹುಟ್ಟುವ ಮಂಜು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೆರೆ, ಕಾಲುವೆ, ಕಬ್ಬಿನ ಗದ್ದೆ ಇರುವಲ್ಲಿ ದಟ್ಟ, ಸ್ವಲ್ಪ ಆಚೆ ತೆಳು. ಮೇಲಿನಿಂದ ತೆಳು ಪದರದ ಮೂಲಕ ರನ್‌ವೇ ಚೆನ್ನಾಗಿಯೇ ಕಾಣಬಹುದು. ಇಳಿಯುತ್ತ ಅದೇ ಪದರದೊಳಗೆ ಹೊಕ್ಕಾಗ ಮಾಯವಾಗಬಹುದು.

ಸೂರ್ಯನ ವಿಷಯವೂ ಇದೆ. ರನ್‌ವೇಗೆ 11 ಎಂಬ ಸಂಖ್ಯೆ ಇದ್ದರೆ ಇಳಿಯುವ ವಿಮಾನದ ಮುಖ ಸುಮಾರು 110 ಡಿಗ್ರಿಗೆ, ಅಂದರೆ ಪೂರ್ವಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಇರುತ್ತದೆ. ಜನವರಿ ಕೊನೆಯಲ್ಲಿ ಬೆಳಗ್ಗೆ ಎಂಟೂಮುಕ್ಕಾಲಿಗೆ ಸೂರ್ಯನೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ಇನ್ನೂ ತಗ್ಗಿನಲ್ಲಿ ಇರುತ್ತಾನೆ. ಮಂಜು ಅಥವಾ ಧೂಳು ತುಂಬಿದ ಗಾಳಿಯಲ್ಲಿ ಸೂರ್ಯನಿಗೆ ಎದುರಾಗಿ ನೋಡಿದರೆ ಎದುರೆಲ್ಲ ಬೆಳ್ಳಗೆ ಮಿಂಚುತ್ತದೆ. ಅದೇ ಗಾಳಿಯಲ್ಲಿ ಬೆನ್ನು ಮಾಡಿ ನಿಂತರೆ ದೂರದ ಮರವೂ ಸ್ಪಷ್ಟ. ನೆಲದಲ್ಲಿರುವವರು ಯಾವ ಕಡೆ ನೋಡಿ 3,000 ಎಂದರು ಅನ್ನುವುದರಿಂದಲೂ ಆ ಸಂಖ್ಯೆಯ ಅರ್ಥ ಬದಲಾಗುತ್ತದೆ.

ಇದರ ಮೇಲೆ ಕಣ್ಣು, ಕಿವಿ ಮಾಡುವ ಮೋಸ ಬೇರೆ. ಮಬ್ಬಿನಲ್ಲಿ ರನ್‌ವೇ ಇರುವುದಕ್ಕಿಂತ ದೂರ ಕಾಣುತ್ತದೆ. ತಾನು ಇನ್ನೂ ಎತ್ತರದಲ್ಲಿದ್ದೇನೆ ಎಂದುಕೊಂಡ ಪೈಲಟ್ ಬೇಕಾದ್ದಕ್ಕಿಂತ ಕೆಳಗೆ ಬರುತ್ತಾರೆ. ಮಂಜಿನೊಳಗೆ ಹೊಕ್ಕ ಕ್ಷಣ ವಿಮಾನದ ಮೂಗು ಮೇಲೆದ್ದಂತೆ ಅನಿಸುತ್ತದೆ. ಕೈ ತಾನಾಗಿಯೇ ಮೂಗನ್ನು ಕೆಳಗೆ ಒತ್ತುತ್ತದೆ. ಅನುಭವಿಗಳಿಗೂ ಹೀಗಾಗುತ್ತದೆ. ಅದಕ್ಕೇ ತರಬೇತಿಯಲ್ಲಿ ಉಪಕರಣವನ್ನು ನಂಬಿ, ಮೈಗೆ ಅನಿಸಿದ್ದನ್ನು ನಂಬಬೇಡಿ ಎಂದು ಮತ್ತೆ ಮತ್ತೆ ಹೇಳುವುದು.

550 ಮೀಟರ್ ಸಾಕು, 3,000 ಸಾಲದು

ಬೆಂಗಳೂರಿನಲ್ಲಿ ಇದಕ್ಕಿಂತ ದಟ್ಟ ಮಂಜಿನಲ್ಲಿ ವಿಮಾನಗಳು ಇಳಿಯುತ್ತವಲ್ಲ ಎಂದು ಕೇಳಬಹುದು. ಹೌದು, ಇಳಿಯುತ್ತವೆ. ಐಎಲ್‌ಎಸ್ ಇರುವ ಕಡೆ ನೆಲದಿಂದ ಎರಡು ರೇಡಿಯೊ ಸಂಕೇತ ಬರುತ್ತವೆ. ಒಂದು ಎಡ-ಬಲ ಹೇಳುತ್ತದೆ, ಇನ್ನೊಂದು ಮೇಲೆ-ಕೆಳಗೆ ಹೇಳುತ್ತದೆ. ಅದರ ಸಾಮಾನ್ಯ ದರ್ಜೆಯಲ್ಲಿಯೇ ಪೈಲಟ್ 200 ಅಡಿವರೆಗೆ ಏನೂ ಕಾಣದೆ ಬರಬಹುದು, ರನ್‌ವೇ ಗೋಚರತೆ 550 ಮೀಟರ್ ಇದ್ದರೆ ಸಾಕು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಅದಕ್ಕಿಂತ ಮೇಲಿನ ದರ್ಜೆಯ ವ್ಯವಸ್ಥೆ ಇದೆ.

ಅಲ್ಲಿ ರನ್‌ವೇ ಕಾಣಿಸುವ ಹೊತ್ತಿಗೆ ವಿಮಾನ ಆಗಲೇ ನೇರಕ್ಕಿರುತ್ತದೆ, ಹದದಲ್ಲಿರುತ್ತದೆ. ಕಣ್ಣಿಗೆ ಉಳಿದ ಕೆಲಸ ಖಚಿತಪಡಿಸಿಕೊಳ್ಳುವುದು ಮಾತ್ರ. ಉಪಕರಣ ಇಲ್ಲದ ಕಡೆ ರನ್‌ವೇ ಹುಡುಕುವುದೂ, ನೇರ ಮಾಡಿಕೊಳ್ಳುವುದೂ, ಎತ್ತರ ಅಂದಾಜು ಮಾಡುವುದೂ ಕಣ್ಣಿನದ್ದೇ ಕೆಲಸ. ಅದಕ್ಕೇ ಕಣ್ಣಿನಿಂದ ನೋಡಿ ಹಾರುವ ವಿಮಾನಗಳಿಗೆ ನಿಯಮ ಕೇಳುವುದು 5 ಕಿಲೋಮೀಟರ್ ಗೋಚರತೆ. ಅಷ್ಟಿದ್ದರೆ 48ರ ಬದಲು 81 ಸೆಕೆಂಡ್ ಸಿಗುತ್ತದೆ, ರನ್‌ವೇ ಕಾಣುವಾಗ ವಿಮಾನ 850 ಅಡಿಗೂ ಮೇಲಿರುತ್ತದೆ. ಈ ನಿಯಮ ಸುಮ್ನೆ ಬರೆದದ್ದಲ್ಲ.

ಆದರೆ ಐಎಲ್‌ಎಸ್ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ, ಬಾರಾಮತಿಯಲ್ಲಿ ಬಿದ್ದ ವಿಮಾನದ ಬಾಡಿಗೆ ಸಂಸ್ಥೆಯದೇ ಇನ್ನೊಂದು ಲಿಯರ್‌ಜೆಟ್ 45 ಮುಂಬೈ ನಿಲ್ದಾಣದಲ್ಲಿ ಇಳಿಯುವಾಗ ರನ್‌ವೇಯಿಂದ ಹೊರಗೆ ಜಾರಿ ನುಚ್ಚಾಯಿತು. ಜೋರು ಮಳೆ, 700 ಮೀಟರ್ ಗೋಚರತೆ. ದೇಶದ ಅತ್ಯಂತ ಸಜ್ಜಾದ ನಿಲ್ದಾಣಗಳಲ್ಲಿ ಒಂದರಲ್ಲೇ ಹೀಗಾಯಿತು. ಒಳಗಿದ್ದ ಎಂಟೂ ಜನ ಬದುಕಿದ್ದು ದೊಡ್ಡ ಮಾತು.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 2025ರ ಮೇ 22ರ ನಸುಕಿನಲ್ಲಿ ಆದದ್ದು ಮತ್ತೊಂದು ಬಗೆ. ರಾತ್ರಿಯಿಡೀ ದೇಶದ ಉದ್ದಕ್ಕೂ ಹಾರಿ ಬಂದ ಒಂದು ಸೆಸ್ನಾ ಸೈಟೇಷನ್, ಮಾಂಟ್ಗೊಮರಿ-ಗಿಬ್ಸ್ ಎಂಬ ಸಣ್ಣ ನಿಲ್ದಾಣಕ್ಕೆ ಮಂಜಿನಲ್ಲಿ ಇಳಿಯುತ್ತಿತ್ತು. ಆ ಹೊತ್ತಿಗೆ ಅಲ್ಲಿನ ಟವರ್ ಮುಚ್ಚಿತ್ತು. ಹವಾಮಾನ ಹೇಳುವ ಸ್ವಯಂಚಾಲಿತ ಯಂತ್ರ ಕೆಟ್ಟಿತ್ತು. ರನ್‌ವೇ ಕಡೆಗೆ ದಾರಿ ತೋರಿಸುವ ದೀಪಗಳೂ ಕೆಲಸ ಮಾಡುತ್ತಿರಲಿಲ್ಲ. ಪೈಲಟ್‌ಗೆ ಸಿಕ್ಕಿದ್ದು ಕೆಲವು ಕಿಲೋಮೀಟರ್ ಆಚೆಯ ಸೇನಾ ನೆಲೆಯ ಹವಾಮಾನ. ವಿಮಾನ ವಿದ್ಯುತ್ ತಂತಿಗೆ ಬಡಿದು ಮನೆಗಳ ಮೇಲೆ ಬಿತ್ತು, ಒಳಗಿದ್ದ ಆರೂ ಜನ ಸತ್ತರು. ಉಪಗ್ರಹ ಆಧಾರಿತ ಅಪ್ರೋಚ್, ಅಂದರೆ ರನ್‌ವೇ ಕಡೆಗೆ ಇಳಿದು ಬರುವ ಗೊತ್ತಾದ ದಾರಿ, ಅಲ್ಲಿ ಇತ್ತು. ಅದರ ಸುತ್ತ ಇರಬೇಕಾದ ಸಣ್ಣ ಸಣ್ಣ ಸಂಗತಿಗಳು ಒಂದೊಂದಾಗಿ ಕೈಕೊಟ್ಟಿದ್ದವು.

ಯಾರು ಏನು ಹೇಳುತ್ತಿದ್ದಾರೆ

ಬಾರಾಮತಿ ಬಗ್ಗೆ ಈಗ ನಾಲ್ಕು ಥರದ ಮಾತು ಕೇಳಿಬರುತ್ತಿದೆ.

ಸಂಚು ಅನ್ನುವ ಮಾತು ಮೊದಲ ದಿನವೇ ಬಂತು. ಶರದ್ ಪವಾರ್ ಅವತ್ತೇ ಇದು ಅಪಘಾತ, ರಾಜಕೀಯ ಬೆರೆಸಬೇಡಿ ಎಂದರು. ಆಮೇಲೂ ಅನುಮಾನದ ಮಾತು ನಿಲ್ಲಲಿಲ್ಲ. ವಿಮಾನದ ರೆಕಾರ್ಡರ್‌ಗಳ ಮಾಹಿತಿಯೇ ಇದಕ್ಕೆ ಉತ್ತರ ಕೊಡಬೇಕು. ಇದರಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯದು ಪೈಲಟ್‌ಗಳ ನಿರ್ಧಾರ ತಪ್ಪು ಎಂಬ ವಾದ. 5 ಕಿಲೋಮೀಟರ್ ಬೇಕಾದಲ್ಲಿ 3 ಇದೆ ಎಂದು ಗೊತ್ತಾದಾಗಲೇ ಬಿಟ್ಟುಹೋಗಬೇಕಿತ್ತು. ಮೊದಲ ಪ್ರಯತ್ನ ವಿಫಲವಾದ ಮೇಲಂತೂ ಪುಣೆ ಕಡೆ ತಿರುಗಬೇಕಿತ್ತು. ಈ ಮಾತಿನಲ್ಲಿ ಹುರುಳಿದೆ. ಪುಣೆಯಿಂದ ಬಾರಾಮತಿಗೆ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಹೆಚ್ಚೆಂದರೆ ಎರಡು-ಎರಡೂವರೆ ಗಂಟೆ ತಡವಾಗುತ್ತಿತ್ತು. ಅಥವಾ ಕಾಯಬಹುದಿತ್ತು. ಇಂಥ ಚಳಿಗಾಲದ ಮಂಜು ಬಿಸಿಲೇರಿದಂತೆ ಸಾಮಾನ್ಯವಾಗಿ ಕರಗುತ್ತದೆ.

ಮೂರನೆಯವರು ನಿಲ್ದಾಣದ ಕಡೆ ಬೆರಳು ಮಾಡುತ್ತಾರೆ. ಒಬ್ಬ ಉಪಮುಖ್ಯಮಂತ್ರಿ ಮತ್ತೆ ಮತ್ತೆ ಹಾರಿ ಬರುವ ಊರಿನಲ್ಲಿ ನಿಯಂತ್ರಕರಿಲ್ಲ, ಐಎಲ್‌ಎಸ್ ಇಲ್ಲ. ಅಂಥ ಕಡೆ ಜೆಟ್ ಇಳಿಸಲು ಬಿಟ್ಟಿದ್ದೇ ತಪ್ಪು ಅನ್ನುತ್ತಾರೆ. ಎದುರಿನವರ ಉತ್ತರ, ದೇಶದ ಪ್ರತಿ ಸಣ್ಣ ರನ್‌ವೇಗೂ ಕೋಟಿಗಟ್ಟಲೆ ಖರ್ಚು ಮಾಡಿ ಐಎಲ್‌ಎಸ್ ಹಾಕಲಾಗದು ಎಂಬುದು. ಹವಾಮಾನ ಸರಿಯಿದ್ದಾಗ ಮಾತ್ರ ಬಳಸಿದರೆ ಅಂಥ ರನ್‌ವೇ ಅಪಾಯವಲ್ಲ. ಅದೂ ನಿಜವೇ.

ನಾಲ್ಕನೆಯದು ಬಾಡಿಗೆ ವಿಮಾನ ಸಂಸ್ಥೆಗಳ ಮತ್ತು ಅವುಗಳ ಮೇಲೆ ಕಣ್ಣಿಡಬೇಕಾದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಕುರಿತದ್ದು. ದೊಡ್ಡ ಏರ್‌ಲೈನ್‌ನಲ್ಲಿ ಪೈಲಟ್ ಗೋ-ಅರೌಂಡ್ ಮಾಡಿದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಹದ ತಪ್ಪಿದ ಅಪ್ರೋಚ್ ಮುಂದುವರಿಸಿದರೆ ದತ್ತಾಂಶದಲ್ಲಿ ಸಿಕ್ಕಿಬೀಳುತ್ತಾರೆ. ಆಫೀಸಿನಲ್ಲಿ ಕೂತು ಹವಾಮಾನ ನೋಡುವ ತಂಡವೇ ಬೇರೆ ಇರುತ್ತದೆ. ಕೆಲವೇ ವಿಮಾನ ಇಟ್ಟುಕೊಂಡ ಬಾಡಿಗೆ ಸಂಸ್ಥೆಯಲ್ಲಿ ಇಷ್ಟೆಲ್ಲ ಇರುವುದು ಅಪರೂಪ. ಗಿರಾಕಿ ಯಾರು ಎಂದು ಪೈಲಟ್‌ಗೂ ಗೊತ್ತು, ಮಾಲೀಕರಿಗೂ ಗೊತ್ತು.

ನನ್ನ ಮಟ್ಟಿಗೆ ಈ ನಾಲ್ಕನೆಯದೇ ಎಲ್ಲಕ್ಕಿಂತ ಗಂಭೀರ. ಪೈಲಟ್ ತಪ್ಪು ಎಂದು ಬರೆದು ಕಡತ ಮುಚ್ಚುವುದು ಸುಲಭ. ಆದರೆ ಆ ತಪ್ಪು ಮಾಡುವ ಜಾಗಕ್ಕೆ ಪೈಲಟ್‌ನನ್ನು ತಂದು ನಿಲ್ಲಿಸಿದ್ದು ಯಾವುದು ಎಂದು ಕೇಳದಿದ್ದರೆ ಮುಂದಿನ ವಿಮಾನವೂ ಅಲ್ಲೇ ಬಂದು ನಿಲ್ಲುತ್ತದೆ.

ಹಿಂದಿನ ಸೀಟಿನ ಒತ್ತಡ

2001ರ ಮಾರ್ಚ್ 29ರಂದು ಅಮೆರಿಕದ ಆ್ಯಸ್ಪೆನ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ಹಿಮ ಬೀಳುತ್ತಿದ್ದ ಸಂಜೆಗತ್ತಲಲ್ಲಿ ಇಳಿಯಲು ಹೋಗಿ ಬಿತ್ತು. 18 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಡಿಗೆಗೆ ಪಡೆದ ಗಿರಾಕಿ ಆ್ಯಸ್ಪೆನ್‌ಗೇ ಹೋಗಬೇಕೆಂದು ಪಟ್ಟು ಹಿಡಿದಿದ್ದರು. ನಿಲ್ದಾಣ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಪೈಲಟ್‌ಗಳ ಮೇಲಿದ್ದ ಈ ಒತ್ತಡವನ್ನು ತನಿಖಾ ವರದಿ ಎತ್ತಿ ಹೇಳಿತು.

ನಮ್ಮಲ್ಲಿ ಈ ಒತ್ತಡದ ಹೆಸರು ಪ್ರವಾಸ ಪಟ್ಟಿ. ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟಿದ್ದರು. ಕೆಟ್ಟ ಹವಾಮಾನದಲ್ಲಿ ಅವರ ಪುಟ್ಟ ವಿಮಾನ ಮೈನ್‌ಪುರಿ ಬಳಿ ಬಿತ್ತು. ಆಂಧ್ರದ ಮುಖ್ಯಮಂತ್ರಿಯಾಗಿದ್ದ ವೈ.ಎಸ್. ರಾಜಶೇಖರ ರೆಡ್ಡಿ 2009ರ ಸೆಪ್ಟೆಂಬರ್ 2ರಂದು ಚಿತ್ತೂರು ಜಿಲ್ಲೆಯ ಕಾರ್ಯಕ್ರಮಕ್ಕೆ ಹೊರಟಾಗ ಹೆಲಿಕಾಪ್ಟರ್ ಮಳೆಮೋಡದಲ್ಲಿ ನಲ್ಲಮಲ ಕಾಡಿಗೆ ಬಿತ್ತು. ಇವು ಇಳಿಯುವಾಗ ಆದ ಅಪಘಾತಗಳಲ್ಲ, ದಾರಿಯಲ್ಲಿ ಆದವು. ಆದರೂ ಸಭೆ, ಸಮಯ, ಕಾಯುತ್ತಿರುವ ಜನ ಎಲ್ಲ ಕಡೆಯೂ ಇದ್ದವು. ಬೇಗ ಇಳಿಸಿ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಿಲ್ಲ. ದಿನಕ್ಕೆ ನಾಲ್ಕು ಸಭೆ ಇಟ್ಟುಕೊಂಡ ಪಟ್ಟಿ ಪೈಲಟ್ ಕೈಗೆ ಬಂದರೆ, ಹೇಳಿದಂತೆಯೇ ಆಯಿತು.

ಬೆಂಗಳೂರಿನಿಂದ ನಡೆಯುವ ಗಗನ್

ಐಎಲ್‌ಎಸ್ ಇಲ್ಲದ ರನ್‌ವೇಗಳಿಗೆ ಒಂದು ದಾರಿ ಭಾರತದಲ್ಲೇ ಸಿದ್ಧವಾಗಿದೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್. ಜಿಪಿಎಸ್ ಸಂಕೇತದ ತಪ್ಪುಗಳನ್ನು ತಿದ್ದಿ ಉಪಗ್ರಹದ ಮೂಲಕ ವಿಮಾನಕ್ಕೆ ಕಳಿಸುತ್ತದೆ. ಅದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ನೆಲದ ಮೇಲೆ ಐಎಲ್‌ಎಸ್ ಇಲ್ಲದೆಯೇ ದಿಕ್ಕು, ಎತ್ತರ ಎರಡನ್ನೂ ಹೇಳಬಲ್ಲದು. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಒಂದು ಎಟಿಆರ್ ವಿಮಾನ ಇದನ್ನು ಬಳಸಿ ಇಳಿಯಿತು.

ಹಾಗಾದರೆ ಎಲ್ಲ ಕಡೆ ಯಾಕಿಲ್ಲ? ಪ್ರತಿ ರನ್‌ವೇಗೂ ಸುತ್ತಲಿನ ಗುಡ್ಡ, ಗೋಪುರ ಅಳೆದು ಬೇರೆಯೇ ದಾರಿ ರೂಪಿಸಿ ಪ್ರಕಟಿಸಬೇಕು. ವಿಮಾನದಲ್ಲಿ ಅದಕ್ಕೆ ಹೊಂದುವ ಉಪಕರಣ ಇರಬೇಕು. 2021ರ ಜುಲೈನಿಂದ ನೋಂದಣಿಯಾಗುವ ವಿಮಾನಗಳಿಗೆ ಇದು ಕಡ್ಡಾಯ ಎಂದಾಯಿತು, ಆದರೆ ಹಳೆಯವು ಬೇಕಾದಷ್ಟಿವೆ. ಪೈಲಟ್‌ಗಳಿಗೆ ತರಬೇತಿ ಬೇಕು. ಕೆಳಗೆ ನಂಬುವಂಥ ಹವಾಮಾನ ಮಾಪಕ, ದೀಪಗಳು ಬೇಕು. ಸ್ಯಾನ್ ಡಿಯಾಗೊದಲ್ಲಿ ಕೈಕೊಟ್ಟದ್ದು ಈ ಕೊನೆಯ ಎರಡೇ.

ನಮ್ಮ ರನ್‌ವೇಗಳು

ಕರ್ನಾಟಕದಲ್ಲಿ 2023ರಲ್ಲಿ ಶಿವಮೊಗ್ಗ ನಿಲ್ದಾಣ ತೆರೆದ ಮೇಲೆ, ಮಂಜು-ಮಳೆಯಿಂದ ವಿಮಾನ ಇಳಿಯಲಾಗದೆ ಬೇರೆಡೆಗೆ ಹೋದ ಸುದ್ದಿ ಹಲವು ಸಲ ಬಂದಿದೆ. ಪ್ರತಿ ಸಲವೂ ಪ್ರಯಾಣಿಕರ ಸಿಟ್ಟು, ನಿಲ್ದಾಣ ಕಟ್ಟಿ ಏನು ಪ್ರಯೋಜನ ಎಂಬ ಪ್ರಶ್ನೆ. ಸಿಟ್ಟು ಅರ್ಥವಾಗುತ್ತದೆ. ಉಪಕರಣ ಬೇಗ ಹಾಕಿ ಎಂದು ಕೇಳುವುದೂ ನ್ಯಾಯ. ಆದರೆ ಪೈಲಟ್ ವಾಪಸ್ ಹೋದದ್ದನ್ನು ದೂರುವುದು ನ್ಯಾಯವಲ್ಲ. ಅವರು ಮಾಡಿದ್ದು ಮಾಡಬೇಕಾದ್ದನ್ನೇ, ಅಲ್ವಾ? ಏರ್‌ಲೈನ್ ಪೈಲಟ್ ಶಿವಮೊಗ್ಗದಿಂದ ವಾಪಸ್ ಹೋಗಬಹುದಾದಷ್ಟೇ ಸಲೀಸಾಗಿ, ಮಂತ್ರಿಯನ್ನೋ ಉದ್ಯಮಿಯನ್ನೋ ಕೂರಿಸಿಕೊಂಡ ಬಾಡಿಗೆ ಜೆಟ್‌ನ ಪೈಲಟ್ ವಾಪಸ್ ಹೋಗುವಂತಿರಬೇಕು.

ಮುಂದೆ ಏನಾಗಬಹುದು

ಡಿಜಿಸಿಎ ಬಿಗಿಯಾದರೆ ಬಾಡಿಗೆ ವಿಮಾನಗಳ ದರ ಏರುತ್ತದೆ. ಕೆಲವು ಸಣ್ಣ ಸಂಸ್ಥೆಗಳು ಬಾಗಿಲು ಹಾಕಬಹುದು. ಚಳಿಗಾಲದ ಬೆಳಗ್ಗೆ, ಮಳೆಗಾಲದ ಮಧ್ಯಾಹ್ನ ಸಣ್ಣ ರನ್‌ವೇಗಳು ಗಂಟೆಗಟ್ಟಲೆ ಮುಚ್ಚಿರುತ್ತವೆ. ಪಕ್ಷಗಳು ಚುನಾವಣೆಯಲ್ಲಿ ದಿನದ ಮೊದಲ ಸಭೆಯನ್ನು ಹನ್ನೊಂದಕ್ಕೆ ತಳ್ಳಬೇಕಾಗುತ್ತದೆ. ಇಷ್ಟು ಬೆಲೆ ಕೊಡಲೇಬೇಕು.

ಇದರಲ್ಲಿ ಎಲ್ಲಕ್ಕಿಂತ ಅಗ್ಗದ ಬದಲಾವಣೆಯೇ ಎಲ್ಲಕ್ಕಿಂತ ಕಷ್ಟದ್ದು. 5 ಕಿಲೋಮೀಟರ್ ಇಲ್ಲದಿದ್ದರೆ ಇಂಥ ರನ್‌ವೇಗೆ ಬರುವಂತಿಲ್ಲ ಎಂಬ ನಿರ್ಧಾರವನ್ನು ಕಾಕ್‌ಪಿಟ್‌ನಿಂದ ಹೊರಗೆ ತರಬೇಕು. ವಿಮಾನ ಹೊರಡುವ ಮೊದಲೇ, ಇಳಿಯುವ ಕಡೆಯ ಗೋಚರತೆಯನ್ನು ಯಂತ್ರದಿಂದ ಅಳೆದು, ಬರೆದಿಟ್ಟು, ಸಾಲದಿದ್ದರೆ ಹೊರಡಲು ಬಿಡಬಾರದು. ದಾರಿಯಲ್ಲಿ ಕೆಟ್ಟರೆ ಬೇರೆ ನಿಲ್ದಾಣಕ್ಕೆ ಕಳಿಸುವ ಅಧಿಕಾರ ನೆಲದ ಮೇಲೆ ಯಾರಿಗಾದರೂ ಇರಬೇಕು. ಆಗ ಇಲ್ಲ ಅನ್ನುವ ಹೊರೆ ಇಬ್ಬರು ಪೈಲಟ್‌ಗಳ ಮೇಲೆ ಮಾತ್ರ ಬೀಳುವುದಿಲ್ಲ. ಪೈಲಟ್‌ಗಳ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಆಕ್ಷೇಪ ಬರುವುದು ಖಂಡಿತ. ಆದರೆ ಐಎಲ್‌ಎಸ್ ಇರುವ ನಿಲ್ದಾಣಗಳಲ್ಲಿ ಗೋಚರತೆ ಮಿತಿಗಿಂತ ಕಡಿಮೆ ಇದ್ದರೆ 1,000 ಅಡಿಗಿಂತ ಕೆಳಗೆ ಅಪ್ರೋಚ್ ಮುಂದುವರಿಸುವಂತಿಲ್ಲ ಎಂಬ ನಿಯಮ ಆಗಲೇ ಇದೆ.

ಅಂತಿಮ ವರದಿ ಬಂದಾಗ ಮೂರು ಸಂಗತಿ ಹುಡುಕಿ ನೋಡಬೇಕು. ಆ 3,000 ಮೀಟರ್ ಅಳೆದದ್ದು ಯಾರು, ಹೇಗೆ. ರನ್‌ವೇ ಕಂಡಿತು ಎಂದಾಗ ವಿಮಾನ ಎಷ್ಟು ಎತ್ತರದಲ್ಲಿ, ಎಷ್ಟು ಓರೆಯಲ್ಲಿ ಇತ್ತು. ಸಾಲದ ಗೋಚರತೆಯಲ್ಲಿ ಎರಡನೇ ಪ್ರಯತ್ನ ಮಾಡುವ ಬಗ್ಗೆ ಸಂಸ್ಥೆಯ ಕೈಪಿಡಿ ಏನು ಹೇಳುತ್ತಿತ್ತು. ಅಂತರರಾಷ್ಟ್ರೀಯ ನಿಯಮದಂತೆ ವರದಿ ಸಾಧ್ಯವಾದಷ್ಟು ಒಂದು ವರ್ಷದೊಳಗೆ ಬರಬೇಕು. ಬರದಿದ್ದರೆ, ತನಿಖೆ ಎಲ್ಲಿಗೆ ಬಂದಿದೆ ಎಂದು 2027ರ ಜನವರಿ 28ಕ್ಕೆ ಎಎಐಬಿ ಹೇಳಿಕೆ ಹೊರಡಿಸಬೇಕು.